ಗಂಟು ತೆಗೆದ ಮೇಲೆ

ಬೆವರೋ ಬೆಳಕೋ, ಹಣೆಯ ಎಡಗಡೆ, ಕೂದಲು ಶುರುವಾಗುವಲ್ಲಿ ಏನೋ ಮಿಂಚಿತು, ನಾನು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಬಗ್ಗಿ ನೋಡಿದೆ, ಬರೀ ಬಿಸಿಲು, ಕಿಟಕಿಯ ಸರಳುಗಳ ನಡುವಿನಿಂದ ಬಿದ್ದ ಬಿಸಿಲು, ಹಣೆ ಒಣಗಿಯೇ ಇದೆ, ಬೆವರು ಬರಲಿ ತಾಯಿ, ಒಂದೇ ಒಂದು ಹನಿ ಬರಲಿ, ಈ ಮನುಷ್ಯನ ಕೈ ನಡುಗಲಿ, ಕಣ್ಣುಗುಡ್ಡೆ ಮೇಲೇರಲಿ, ನನ್ನನ್ನು ನೋಡಿ ಯಾರು ನೀ ಅನ್ನಲಿ, ಬೇಕಾದರೆ ಎದೆಗೆ ಒದೆಯಲಿ — ಗಂಡನಿಗೆ ರೋಗ ಮರಳಿ ಬರಲಿ ಎಂದು ಬೇಡಿಕೊಳ್ಳುವ ಹೆಂಡತಿ ಈ ಬೆಳಗಾವಿಯಲ್ಲಿ ನಾನೊಬ್ಬಳೇ ಇರಬೇಕು. ಬಂಡೆಪ್ಪ ಕಣ್ಣು ಮುಚ್ಚಿ ಮಲಗಿದ್ದಾನೆ. ಅನ್ನ ಬಿಟ್ಟು ಇದು ಮೂರನೆಯ ದಿನ, ಬರೀ ನೀರು, ಹಾಲೂ ಸಕ್ಕರೆಯೂ ಇಲ್ಲದ ಚಹಾ, ದೊಡ್ಡ ಡಾಕ್ಟರೇ ಹೀಗೆ ಉಪವಾಸ ಕೆಡವಿದ್ದಾರೆ, ಕೊಯ್ದು ತೆಗದ ಗಂಟು ಮತ್ತ ಬೆಳದಿತ್ತಂದ್ರ ಹಸಿವಿನ್ಯಾಗ ತಾನ ಗೊತ್ತಾಗತೈತಿ, ನೋಡೂಣವಾ, ಗಾಬರಿ ಆಗಬ್ಯಾಡ ಎಂದಿದ್ದಾರೆ. ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದಾರೆ, ಹೋದ ಸಲದ ಉಪವಾಸದಲ್ಲಿ ಕಂಪೌಂಡರನ ಮುಂಗೈ ಕಚ್ಚಿ ಮಾಂಸ ಕಿತ್ತಿದ್ದನಲ್ಲ, ಅದಕ್ಕೆ. ಕಟ್ಟಿದ ಕೈಗಳು ಎಷ್ಟು ಸಣ್ಣವಾಗಿ ಕಾಣುತ್ತವೆ. ನನ್ನ ನಾಲಿಗೆ ಮತ್ತೆ ಮತ್ತೆ ಹೋಗಿ ಕೆಳಗಿನ ಸಾಲಿನಲ್ಲಿ ಹಲ್ಲಿದ್ದ ಜಾಗವನ್ನು ಮುಟ್ಟುತ್ತದೆ, ಮೆತ್ತಗಿದೆ, ಉಪ್ಪುಪ್ಪು, ಬೇಡವೆಂದರೂ ಹೋಗಿ ಮುಟ್ಟುತ್ತದೆ, ಈ ಹಲ್ಲು ಯಾರು ಮುರಿದದ್ದು, ಬಂಡೆಪ್ಪನೋ, ಅವನ ಹೊಟ್ಟೆಯೊಳಗಿನ ಗಂಟೋ, ಅಷ್ಟು ಗೊತ್ತಾದರೆ ಸಾಕು, ಅಷ್ಟಕ್ಕೇ ನಾನು ಇಲ್ಲಿ ಕುಳಿತಿದ್ದೇನೆ.

ತುರ್ತು ಪರಿಸ್ಥಿತಿಯ ವರ್ಷ ಮದುವೆ, ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಹಸಿ ಮಣ್ಣನ್ನು ಹೊತ್ತು ಹೊತ್ತು ಅವನ ತೋಳುಗಳು ಹೊಲದ ಬದುವಿನ ಹಾಗೆ ಉಬ್ಬಿದ್ದವು, ಮೈಗೆಲ್ಲ ಕೆಂಪು ಮಣ್ಣಿನ ವಾಸನೆ, ನನಗೆ ಆ ವಾಸನೆ ಸೇರುತ್ತಿತ್ತು, ಸುಳ್ಳು ಯಾಕೆ. ಮಗಳು ಮಾಯಿ ಹುಟ್ಟಿ ನಡೆಯಲು ಕಲಿತ ಮೇಲೆ ಅದು ಶುರುವಾಯಿತು, ಅಮಾವಾಸ್ಯೆಯ ದಿನ ಶುರುವಾಯಿತು, ಅದಕ್ಕೇ ಎಲ್ಲರೂ ದೆವ್ವ ಎಂದರು. ಅಮಾವಾಸ್ಯೆಗೆ ಅವನು ಉಪವಾಸ ಹಿಡಿಯುತ್ತಿದ್ದ, ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ನೀರು ಸುರಿದಂತೆ ಬೆವರು, ತುಟಿ ಬೆಳ್ಳಗೆ, ಮಾತು ತೊದಲು, ಆಮೇಲೆ ಎದ್ದು ನಿಂತನೆಂದರೆ ಅವನು ಅವನಲ್ಲ. ಗೋಡೆಗೆ ತಲೆ ಚಚ್ಚಿಕೊಂಡ. ನನ್ನ ಕೂದಲನ್ನು ಕೈಗೆ ಸುತ್ತಿಕೊಂಡು ಒಲೆಯ ತನಕ ಎಳೆದ, ಎಡ ಭುಜದ ಮೂಳೆ ಚಟ್ಟೆಂದು ಮುರಿದ ಸದ್ದು ನನಗೇ ಕೇಳಿಸಿತು. ಒಂದು ಸಲ ಮಾಯಿಯ ಕಾಲು ಹಿಡಿದು ತಲೆಕೆಳಗಾಗಿ ಬಾವಿಯ ಮೇಲೆ ಜೋತು ಬಿಟ್ಟ, ಕೂಸು ಅಳಲಿಲ್ಲ, ಬಾವಿಯೊಳಗಿನ ನೀರನ್ನೇ ನೋಡುತ್ತಿತ್ತು, ನಾನೂ ಕೂಗಲಿಲ್ಲ, ಕೂಗಿದರೆ ಬಿಟ್ಟಾನೆಂದು ಮೊಳಕಾಲಲ್ಲಿ ತೆವಳಿಕೊಂಡು ಹೋಗಿ ಕೂಸಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಅತ್ತೆ ಭರಮವ್ವ ಚಹಾ ಮಾಡಿ ಬಾಯಿಗೆ ಹನಿಸುತ್ತಿದ್ದಳು, ಸಕ್ಕರೆ ಜಾಸ್ತಿ ಹಾಕಿ, ಮಗನಿಗೆ ಸಿಹಿ ಇಷ್ಟ ಎಂದು, ಸ್ವಲ್ಪ ಹೊತ್ತಿಗೆ ಅವನು ನಿದ್ದೆಯಿಂದ ಎದ್ದವನಂತೆ ಏಳುತ್ತಿದ್ದ, ನನ್ನ ಮುಖದ ರಕ್ತ ನೋಡಿ ಗಾಬರಿಯಾಗುತ್ತಿದ್ದ, ಯಾರ ಹೊಡದ್ರ ನಿನ್ನ, ಹೇಳ, ಅಂವನ ಕೈ ಕಡೀತೇನಿ ಎನ್ನುತ್ತಿದ್ದ. ದೆವ್ವ ಬಿಡಿಸುವವನು ಬಂದು ಅವನನ್ನು ಬೇವಿನ ಮರಕ್ಕೆ ಕಟ್ಟಿ ಬಾರಕೋಲಿನಿಂದ ಹೊಡೆದ, ಬೆನ್ನಿನ ಚರ್ಮ ಹರಿದು ನೊಣ ಕೂತವು, ಹೋಗತೀಯೇನ, ಹೋಗತೀಯೇನ, ಅವನು ಎಲ್ಲಿಗೆ ಹೋಗಬೇಕು, ಅವನ ಮೈಯಲ್ಲಿ ಇದ್ದದ್ದು ಅವನೊಬ್ಬನೇ — ಹಾಗೆಂದು ಆಗ ಯಾರಿಗೆ ಗೊತ್ತಿತ್ತು.

ಕಾರ್ಖಾನೆಯಲ್ಲಿ ಒಂದು ಬೆಳಿಗ್ಗೆ, ರೊಟ್ಟಿ ಬಿಚ್ಚುವ ಮೊದಲು, ಪಕ್ಕದವನ ತಲೆಗೆ ಹಂಚಿನಿಂದ ಹೊಡೆದ, ಪೊಲೀಸರು ಒಯ್ದರು, ಠಾಣೆಯಲ್ಲಿ ಬಿದ್ದು ಕೈಕಾಲು ಸೆಟೆದುಕೊಂಡ, ಸತ್ತರೆ ತಮ್ಮ ಕೊರಳಿಗೆ ಬರುತ್ತದೆಂದು ಅವರೇ ಜೀಪಿನಲ್ಲಿ ಹಾಕಿ ಬೆಳಗಾವಿಯ ಈ ದವಾಖಾನೆಗೆ ತಂದು ಒಗೆದರು. ದೊಡ್ಡ ಡಾಕ್ಟರು ನನ್ನನ್ನು ಕೂರಿಸಿ ಎಲ್ಲ ಕೇಳಿದರು, ಅಮಾವಾಸ್ಯೆ ಎಂದ ಕೂಡಲೇ ಪೆನ್ನು ನಿಲ್ಲಿಸಿದರು, ಅಮಾಸಿಗೆ ಉಪವಾಸ ಮಾಡ್ತಾರೇನವಾ, ಹೌದ್ರಿ, ಬ್ಯಾರೆ ದಿನ ಬಂದ್ರ ಯಾವಾಗ ಬರತೈತಿ, ಮುಂಜಾನೆ ರೊಟ್ಟಿ ತಿನ್ನೂಕ್ಕಿಂತ ಮೊದಲರಿ, ಉಂಡ ಮ್ಯಾಲೆ ಬಂದದ್ದು ಐತೇನು — ನಾನು ಯೋಚಿಸಿದೆ, ಇಲ್ಲರಿ ಎಂದೆ. ಆಗ ಮೊದಲನೆಯ ಉಪವಾಸ. ಒಂದೇ ದಿನಕ್ಕೆ ಬಂತು ಅದು, ಇದೇ ವಾರ್ಡಿನಲ್ಲಿ, ನಾಲ್ಕು ಜನ ಹಿಡಿದರೂ ನಿಲ್ಲಲಿಲ್ಲ, ಬಾಯಿಯ ತುಂಬ ಕಂಪೌಂಡರನ ರಕ್ತ, ಕತ್ತಿನ ನರಗಳು ಹಗ್ಗದ ಹಾಗೆ, ಡಾಕ್ಟರು ದಪ್ಪ ಸಿರಿಂಜಿನಲ್ಲಿ ಸಕ್ಕರೆ ನೀರನ್ನು ನರಕ್ಕೆ ಬಿಟ್ಟರು, ಸಿರಿಂಜು ಖಾಲಿಯಾಗುವುದರೊಳಗೆ ಅವನ ಮುಖದ ಮೇಲಿಂದ ಯಾರೋ ಮುಸುಕು ಎಳೆದು ತೆಗೆದಂತೆ, ಕಣ್ಣು ತೆರೆದ, ನನ್ನ ಕಡೆ ತಿರುಗಿದ, ಸಾವಂತ್ರೀ, ಚಾ ಆತೇನು ಎಂದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಡಾಕ್ಟರು ಹೇಳಿದರು, ದೆವ್ವ ಅಲ್ಲವಾ ಇದು, ಜಠರದ ಹಿಂದ ಒಂದು ಗ್ರಂಥಿ ಐತಿ, ಅದರಾಗ ಒಂದು ಸಣ್ಣ ಗಂಟು ಎದ್ದೈತಿ, ಅದು ರಕ್ತದಾಗಿನ ಸಕ್ಕರಿ ಇಳಿಸಿಬಿಡತೈತಿ, ಮಿದುಳಿಗೆ ಸಕ್ಕರಿ ಸಿಗಲಿಲ್ಲಂದ್ರ ಮನಶ್ಯಾ ಮನಶ್ಯಾ ಆಗಿ ಉಳಿಯೂದಿಲ್ಲ, ಅಂವ ಏನು ಮಾಡತಾನ ಅಂವಗ ಗೊತ್ತಿರೂದಿಲ್ಲ. ಕೊಯ್ದು ತೆಗೀಬೇಕು. ಕೆಲವರಿಗೆ ಗಾಯ ಸೋರತೈತಿ, ಕೆಲವರಿಗೆ ಮುಂದ ಜನ್ಮಪೂರ್ತಿ ಸಕ್ಕರಿ ರೋಗ ಹತ್ತತೈತಿ, ಒಬ್ಬಿಬ್ಬರು ಉಳಿಯೂದಿಲ್ಲ, ಖರೇ ಹೇಳತೇನಿ, ಆದ್ರ ಗಂಟು ಪೂರಾ ತೆಗದ್ರ, ಮನಶ್ಯಾ ಮೊದಲಿನಂಗ ಆಗತಾನ. ಮೊದಲಿನಂಗ. ಅದೊಂದು ಮಾತು ಹಿಡಿದುಕೊಂಡು ನಾನು ಹೂಂ ಎಂದೆ.

ಆಗ ಪಕ್ಕದ ಮಂಚದಲ್ಲಿ ಗುರುಪುತ್ರಪ್ಪ ಮಾಸ್ತರರು ಇದ್ದರು, ಅವರಿಗೂ ಅದೇ ಗ್ರಂಥಿ, ಆದರೆ ಕೆಟ್ಟ ಜಾತಿಯ ಗಂಟು, ಕಣ್ಣು ಮೈ ಎಲ್ಲ ಅರಿಷಿಣ, ಹಣ್ಣು ಬಂದರೆ ಮೊದಲ ಹೋಳು ಹೆಂಡತಿಗೆ, ನೀ ತಿನ್ನು, ನನಗೆಲ್ಲಿ ರುಚಿ ಎನ್ನುವರು, ಆಕೆ ತಲೆ ತಗ್ಗಿಸಿ ತಿನ್ನುವಳು, ಅಷ್ಟು ವರ್ಷ ಸಂಸಾರ ಮಾಡಿದವಳು ಹೊಸ ಮದುಮಗಳಂತೆ ನಾಚುವಳು. ಅವರಿಗೆ ದೊಡ್ಡ ಆಪರೇಷನ್ ಆಯಿತು, ಕರುಳು ಪಿತ್ತನಾಳ ಎಲ್ಲ ಕತ್ತರಿಸಿ ಬೇರೆ ಕಡೆ ಹೊಲಿದರಂತೆ, ಒಂದು ವಾರಕ್ಕೆ ಗಾಯದಿಂದ ಹಳದಿ ನೀರು ಒಸರತೊಡಗಿತು, ಆ ನೀರು ತಗುಲಿದಲ್ಲೆಲ್ಲ ಹೊಟ್ಟೆಯ ಚರ್ಮ ಬೆಂದಂತೆ ಕೆಂಪಾಗಿ ಸುಲಿಯಿತು, ನೋವಿಗೆ ದಿಂಬಿನ ಬಟ್ಟೆ ಕಚ್ಚಿ ಹರಿದರು, ಆದರೂ ನರ್ಸಿಗೆ ಕೈ ಮುಗಿಯುವುದು ಬಿಡಲಿಲ್ಲ, ಸತ್ತರು. ಹೆಂಡತಿ ಕಳಚಿದ ಬಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು, ನಿನ್ನ ಪುಣ್ಯ ದೊಡ್ಡದು ತಂಗೀ, ನಿನ್ನ ಗಂಡ ಉಳದಾನ ಎಂದಳು, ನಾನು ಹೌದೆಂದೆ. ಅದೇ ವಾರ ಇವನ ಹೊಟ್ಟೆಯನ್ನೂ ಕೊಯ್ದು ಗಂಟು ತೆಗೆದಿದ್ದರು, ಉಳಿದವನು ಇವನು. ಗಾಯ ಸೋರಲಿಲ್ಲ, ಸಕ್ಕರೆ ರೋಗ ಹತ್ತಲಿಲ್ಲ, ಹೊಲಿಗೆ ನೆಟ್ಟಗೆ ಕೂಡಿತು, ಡಾಕ್ಟರು ಕಲಿಯುವ ಹುಡುಗರನ್ನು ಕರೆತಂದು ತೋರಿಸಿದರು. ಗಂಟನ್ನೂ ತೋರಿಸಿದರು, ಸೀಸೆಯ ನೀರಿನಲ್ಲಿ, ಒಂದು ಅವರೆಕಾಳಿನಷ್ಟು, ಬಣ್ಣವೂ ಹಾಗೇ. ನಾನು ಆ ಸೀಸೆಗೆ ಮುಖ ಹಚ್ಚಿ ನೋಡಿದೆ, ನೀನಾ, ನನ್ನ ಭುಜ ಮುರಿದವನು ನೀನಾ, ನನ್ನ ಕೂಸನ್ನು ಬಾವಿಯ ಮೇಲೆ ಹಿಡಿದವನು ನೀನಾ. ಉಗುಳಬೇಕೆನಿಸಿತು, ನಗು ಬಂತು. ಒಂದು ಕಾಳಿನಷ್ಟು ಮಾಂಸವನ್ನು ಕ್ಷಮಿಸುವುದು ಎಷ್ಟು ಸುಲಭ, ಆ ಕ್ಷಣದಲ್ಲಿ ಬಂಡೆಪ್ಪನ ಮೇಲಿನ ಎಲ್ಲ ಏಟುಗಳನ್ನೂ ಇಳಿಸಿ ಆ ಕಾಳಿನ ಮೇಲೆ ಹೊರಿಸಿದೆ, ಮೈ ಹಗುರಾಯಿತು.

ಊರಿಗೆ ಹೋದೆವು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು, ನನ್ನ ಮಗಾ ದೇವರಂಥಾಂವ, ಹೊಡದದ್ದು ಗಂಟು, ಅಂವಲ್ಲ. ಹೌದು ಹೌದು ಎಂದರು ಓಣಿಯವರು, ನಾನೂ ಎಂದೆ. ಮಲಪ್ರಭೆಯಲ್ಲಿ ನೀರು ಇಳಿಯುವ ತನಕ ಚೆನ್ನಾಗಿತ್ತು, ಅವನು ಕಟ್ಟೆಯ ಮೇಲೆ ಕುಳಿತು ಮಾಯಿಗೆ ಮಗ್ಗಿ ಹೇಳಿಕೊಡುತ್ತಿದ್ದ, ನಾನು ಹಿಂದಿನದೆಲ್ಲ ಹೇಳಿದರೆ ನನ್ನ ಭುಜದ ಮೂಳೆ ಮುಟ್ಟಿ ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದ, ಇದು ನಾ ಮಾಡೇನಾ, ಇಲ್ಲರಿ, ನೀವಲ್ಲ. ಆಮೇಲೆ ಆ ಮಧ್ಯಾಹ್ನ. ಹೊಟ್ಟೆ ತುಂಬ ಊಟ, ಎಣ್ಣೆಗಾಯಿ, ರೊಟ್ಟಿ, ಮೊಸರನ್ನ, ತೇಗಿದ. ನಾನು ಕೇಳಿದ್ದು ಇಷ್ಟೇ, ಕಾರ್ಖಾನಿಯವರು ಕೇಳಾಕತ್ತಾರ, ಕೆಲಸಕ್ಕ ಯಾವಾಗಿಂದ ಹೊಂಡತೀರಿ ಅಂತ. ಅವನು ನೀರಿನ ತಂಬಿಗೆ ಎಳೆದುಕೊಂಡ. ತಾಟಿನಲ್ಲಿ ಕೈ ತೊಳೆದ. ಎದ್ದ. ಗೂಟದ ಟವೆಲು ತೆಗೆದುಕೊಂಡ, ಕೈ ಒರೆಸಿಕೊಂಡ, ಒಂದೊಂದೇ ಬೆರಳು, ಹೆಬ್ಬೆರಳಿನಿಂದ ಶುರುಮಾಡಿ, ಬೆರಳ ಸಂದಿಗಳಲ್ಲೂ, ಟವೆಲನ್ನು ತಿರುಗಿ ಗೂಟಕ್ಕೆ ಹಾಕಿ ಅಂಚು ಸರಿಮಾಡಿದ. ಆಮೇಲೆ ನನ್ನ ಕಡೆ ಬಂದ. ಮೊದಲನೆಯ ಏಟು ದವಡೆಗೆ. ಬಾಯಿಯಲ್ಲಿ ಹಲ್ಲು ಕಲ್ಲಿನ ಹಾಗೆ ಉರುಳಿತು, ಕೆಳಗೆ ಬಿದ್ದವಳ ಪಕ್ಕೆಗೆ ಕಾಲು, ನಾನು ಅವನ ಹಣೆ ನೋಡುತ್ತಿದ್ದೆ, ಬೆವರಿಲ್ಲ, ಕಣ್ಣು ನೋಡುತ್ತಿದ್ದೆ, ನೆಟ್ಟಗಿವೆ, ನನ್ನನ್ನೇ ನೋಡುತ್ತಿವೆ, ಗುರುತು ಹಿಡಿದು ನೋಡುತ್ತಿವೆ. ಮಾಯಿ ಓಡಿ ಬಂದಳು, ಕೈಯಲ್ಲಿ ಬೆಲ್ಲ, ನಾನೇ ಕಲಿಸಿದ್ದು, ಅಪ್ಪಗ ಹಂಗಾದ್ರ ಮೊದಲ ಬೆಲ್ಲ ಬಾಯಿಗೆ ಹಾಕು ಎಂದು, ಅಪ್ಪಾ ತಿನ್ನು, ಅಪ್ಪಾ ಬೆಲ್ಲ ತಿನ್ನು. ಅವನು ನಿಂತ. ಬೆಲ್ಲ ನೋಡಿದ. ಶಾಂತ ದನಿಯಲ್ಲಿ ಹೇಳಿದ, ಬೆಲ್ಲ ಬ್ಯಾಡ ಮಾಯೀ, ನಾ ಆರಾಮ ಅದೇನಿ, ಡಬ್ಬಿಯೊಳಗ ಇಟ್ಟು ಮುಚ್ಚಳ ಹಾಕು, ಇರವಿ ಬರತಾವ. ಅವಳು ಮುಚ್ಚಳ ಹಾಕುವ ತನಕ ಕಾದ. ಆಮೇಲೆ ಎರಡನೆಯ ಏಟು.

ಗಂಟಿನ ಬೇರು ಉಳದಿರಬೇಕು ಎಂದಳು ಅತ್ತೆ, ನನ್ನ ದವಡೆಗೆ ಅರಿಷಿಣ ಹಚ್ಚುತ್ತ. ಅವನು ಆ ಮಾತನ್ನು ಕೇಳಿಸಿಕೊಂಡ, ಎರಡು ದಿನ ಬಾಯಲ್ಲೇ ಇಟ್ಟುಕೊಂಡು ರುಚಿ ನೋಡಿದ, ಮೂರನೆಯ ದಿನ ಅವನೂ ಎಂದ, ಹೌದು, ಬೇರು ಉಳದೈತಿ, ನನಗ ಗೊತ್ತಾಗೂದಿಲ್ಲ. ಆಮೇಲೆ ಹೊಡೆದಾಗೆಲ್ಲ ಬೇರು. ಅಂಗಡಿಯಿಂದ ತಡವಾಗಿ ಬಂದೆನೆಂದು ಕೊರಳು ಹಿಸುಕಿದ, ಬೇರು. ನೀರು ಕಾಯಿಸುವ ಹಂಡೆಗೆ ನನ್ನ ಅಂಗೈ ಒತ್ತಿ ಹಿಡಿದ, ಬೇರು. ನಾನೂ ನಂಬಿದೆ, ನಂಬಲೇಬೇಕು, ನಂಬದಿದ್ದರೆ ಈ ಹತ್ತು ವರ್ಷ ನಾನು ಯಾರ ಪಕ್ಕದಲ್ಲಿ ಮಲಗಿದ್ದೆ. ಅದಕ್ಕೇ ಕರೆದುಕೊಂಡು ಬಂದೆ, ಬರುವಾಗ ಪೀರನವಾಡಿಯಲ್ಲಿ ಇಳಿದು ಮಾಯಿಯನ್ನು ಅಕ್ಕ ಸಿದ್ದಕ್ಕನ ಮನೆಯಲ್ಲಿ ಬಿಟ್ಟೆ, ಅಕ್ಕ ನನ್ನ ಬಾಯಿ ತೆರೆಸಿ ನೋಡಿದಳು, ನೀನೂ ಇಲ್ಲೇ ಇರ ಎಂದಳು, ರೋಗ ಐತೋ ಇಲ್ಲೋ ನೋಡಿಕೊಂಡು ಬರತೇನಕ್ಕಾ ಎಂದೆ. ಮೂರು ದಿನ ಈ ಸ್ಟೂಲಿನ ಮೇಲೆ ಕುಳಿತು ಏಟುಗಳನ್ನು ಬೇರೆ ಬೇರೆ ಮಾಡುತ್ತಿದ್ದೇನೆ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಇದು ಹಸಿದ ಏಟು, ಇದು ಉಂಡ ಏಟು, ಇದು ಗಂಟಿನದು, ಇದು — ಮದುವೆಯ ಮೊದಲ ವರ್ಷ, ಮಾಯಿ ಇನ್ನೂ ಹೊಟ್ಟೆಯಲ್ಲಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಿಸಿ ಪಾತ್ರೆ ನನ್ನ ತೊಡೆಯ ಮೇಲೆ ಎಸೆದನಲ್ಲ, ಎರಡು ಸಲ ಬಡಿಸಿಕೊಂಡು ಉಂಡ ಮೇಲೆ. ಡಾಕ್ಟರು ಕೇಳಿದಾಗ ಇದು ನೆನಪಿಗೆ ಬರಲಿಲ್ಲ, ಯಾಕೆ ಬರಲಿಲ್ಲ, ಅದನ್ನು ನಾನು ರೋಗವೆಂದೇ ಎಣಿಸಿರಲಿಲ್ಲ, ಗಂಡ ಎಂದು ಎಣಿಸಿದ್ದೆ. ತೊಡೆಯ ಆ ಸುಟ್ಟ ಕಲೆ ಈಗಲೂ ಚಳಿಗೆ ಬಿಗಿಯುತ್ತದೆ. ಅವನು ಮಗ್ಗುಲು ತಿರುಗಲು ಹೋದ, ಅಂಗಿ ಮೇಲೆ ಸರಿಯಿತು, ಹೊಟ್ಟೆಯ ಆ ಗೆರೆ, ಎದೆಗೂಡಿನಿಂದ ಹೊಕ್ಕುಳ ತನಕ, ನನ್ನ ಕೈ ಮಡಿಲಲ್ಲಿ ಮುಷ್ಟಿ ಕಟ್ಟುತ್ತದೆ, ಕೈ ಕಟ್ಟಿದ್ದಾರೆ ಇವನದು, ಈ ಗೆರೆಗೆ ಉಗುರು ಹಾಕಿ ಬಿಚ್ಚಬಹುದು, ಹೊಲಿಗೆ ಬಿಚ್ಚಿದಂತೆ ಪರ್ರೆಂದು ಬಿಚ್ಚಿ ಮೊಣಕೈ ತನಕ ಒಳಗೆ ತೋಳು ಇಳಿಸಿ ಹುಡುಕಬಹುದು, ಎಲ್ಲಿದೆ ನಿನ್ನ ಬೇರು, ಕರುಳಿನ ಹಿಂದೆಯೋ, ಪಿತ್ತದ ಕೆಳಗೋ, ಎದೆಯೊಳಗೋ, ಎಲ್ಲಿದೆ ತೋರಿಸು, ದಿಂಬು ಮುಖಕ್ಕೆ ಒತ್ತಿ ಹಿಡಿದರೆ ಕೇಳುವವರು ಯಾರು, ನನ್ನ ಅಂಗೈ ಹಂಡೆಗೆ ಒತ್ತಿದಷ್ಟು ಹೊತ್ತು ಒತ್ತಿ ಹಿಡಿದರೆ ಸಾಕು — ಏನ ನೋಡಾಕತ್ತಿ ಎಂದ, ಕಣ್ಣು ಬಿಟ್ಟು. ಏನಿಲ್ಲರಿ, ಬೆವರು ಬಂತೇನ ಅಂತ. ಬಂದಿಲ್ಲ ಎಂದ, ಆಮೇಲೆ ನೆನಪಾದವನಂತೆ, ಸ್ವಲ್ಪ ತಲಿ ತಿರಗತೈತಿ ನೋಡು ಎಂದ.

ನರ್ಸು ಬಂದು ಪರೀಕ್ಷೆಗೆ ಕೊನೆಯ ಸಲ ರಕ್ತ ಎಳೆದುಕೊಂಡು ಹೋದಳು. ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಹೋಯಿತು. ಡಾಕ್ಟರು ಬಂದರು, ಮುಖದ ತುಂಬ ನಗು, ಸಕ್ಕರಿ ಸರಿ ಐತಿ, ಮೂರು ದಿನ ಹಸಿದ್ರೂ ಇಳದಿಲ್ಲ, ಬೇರು ಗೀರು ಏನೂ ಇಲ್ಲ, ನಿನ್ನ ಗಂಡಗ ಯಾವ ರೋಗಾನೂ ಇಲ್ಲವಾ, ಮೊದಲಿನಂಗ ಆಗ್ಯಾನ. ಹೇಳುತ್ತ ಹೇಳುತ್ತ ನನ್ನ ದವಡೆಯ ಕಡೆ ಕಣ್ಣು ಬಿತ್ತು, ಸುಟ್ಟ ಅಂಗೈಯ ಕಡೆ ಬಿತ್ತು, ನಗು ಅಲ್ಲೇ ನಿಂತಿತು. ಹಂಗಾರ ಇದು ಎಂದು ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದರು. ಮಂಚದ ಮೇಲಿಂದ ಬಂಡೆಪ್ಪ ತಲೆ ಎತ್ತಿದ, ಸಾಹೇಬ್ರ, ಇನ್ನೊಮ್ಮೆ ನೋಡ್ರಿ, ಸ್ವಲ್ಪ ಉಳದಿರಬೇಕು, ಖರೇ, ನನಗ ಏನೂ ನೆನಪ ಇರೂದಿಲ್ಲರಿ. ರೋಗ ಇಲ್ಲವೆಂದರೆ ಅಳುವಂತಾದ ಗಂಡಸನ್ನು ಡಾಕ್ಟರು ಮೊದಲ ಸಲ ನೋಡುತ್ತಿರಬೇಕು. ಇಲ್ಲಪಾ ಎಂದರು, ತೆಗೂದು ಎಲ್ಲಾ ತೆಗದೇನಿ, ಇನ್ನ ನನ್ನ ಕತ್ತರಿಗೆ ಸಿಗೂದು ಏನೂ ಉಳದಿಲ್ಲ. ಹಂಗಾರ ನನ್ನ ಹೊಡದಾಂವ ಅಂವನ, ಹೌದಲ್ಲರೀ ಎಂದೆ ನಾನು, ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಡಾಕ್ಟರು ಹೂಂ ಎಂದರು, ನೆಲ ನೋಡಿದರು, ಮೆಲ್ಲಗೆ ಕೇಳಿದರು, ಹೋಗಾಕ ಎಲ್ಲರೆ ಜಾಗಾ ಐತೇನವಾ. ಐತ್ರಿ, ಪೀರನವಾಡ್ಯಾಗ ನಮ್ಮಕ್ಕ ಅದಾಳ. ಹೋಗು ಎಂದರು, ಇವತ್ತ ಹೋಗು.

ಕೈ ಬಿಚ್ಚಿದರು. ಅನ್ನ ಸಾರು ಬಂತು, ಅವನು ಕುಳಿತು ಉಂಡ, ಮೂರು ದಿನದ ಹಸಿವು, ತಾಟು ಬಳಿದು ಉಂಡ, ನಾನು ಚೀಲಕ್ಕೆ ನನ್ನ ಸೀರೆಯನ್ನಷ್ಟೇ ಹಾಕಿಕೊಂಡೆ. ನಡಿ, ಖಾನಾಪುರ ಬಸ್ಸಿಗೆ ಹೋಗೂಣು, ಹಾದ್ಯಾಗ ಇಳದು ಮಾಯೀನ ಕರಕೊಂಡು ಹೋಗೂಣು ಎಂದ. ನಾ ಬರೂದಿಲ್ಲ ಎಂದೆ. ಮಾಯೀನೂ ಬರೂದಿಲ್ಲ. ರೀ ಎನ್ನಲಿಲ್ಲ. ಅವನು ಅಗಿಯುವುದನ್ನು ನಿಲ್ಲಿಸಿದ, ವಾರ್ಡನ್ನೆಲ್ಲ ಒಮ್ಮೆ ನೋಡಿದ, ಮಂಚಗಳು, ರೋಗಿಗಳು, ಬಾಗಿಲಲ್ಲಿ ನಿಂತ ನರ್ಸು, ಬೇರು ಎಂದರೆ ನಂಬಲು ಇಲ್ಲಿ ಇನ್ನು ಯಾರೂ ಉಳಿದಿಲ್ಲವೆಂದು ಅವನಿಗೂ ಗೊತ್ತಾಯಿತು, ನಕ್ಕ. ಕೊನೆಯ ತುತ್ತು ನುಂಗಿ ತಾಟಿನಲ್ಲಿ ಕೈ ತೊಳೆದ. ಮಂಚದ ಕಂಬಿಯ ಮೇಲಿನ ಟವೆಲಿಗೆ ಕೈ ಚಾಚಿದ. ನಾನು ನಡೆದೆ, ಮಂಚಗಳ ನಡುವೆ, ಮೆಟ್ಟಿಲು, ಗೇಟು, ಓಡಲಿಲ್ಲ, ಹಿಂದೆ ಯಾರೂ ಬರಲಿಲ್ಲ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ, ರೈಲ್ವೆ ಗೇಟು ಹಾಕಿದೆ, ಬಸ್ಸು ನಿಂತಿದೆ, ಪೀರನವಾಡಿ ಇನ್ನೇನು ದೂರವಿಲ್ಲ, ಮಾಯಿ ಅಕ್ಕನ ಬಾಗಿಲಲ್ಲಿ ನಿಂತಿರುತ್ತಾಳೆ, ಅವಳಿಗೆ ಏನು ಹೇಳಲಿ, ಅಪ್ಪಗ ಆರಾಮ ಆಗೈತಿ ಎನ್ನಲೇ, ರೈಲುಗಾಡಿ ಧಡಧಡ ಹೋಗುತ್ತಿದೆ, ಡಬ್ಬಿಯ ಹಿಂದೆ ಡಬ್ಬಿ, ಯಾರೂ ನನ್ನ ಹಿಂದೆ ಇಲ್ಲ, ಯಾರೂ ಇಲ್ಲ, ಆದರೂ ಆ ಕೈ, ನೀರು ತೊಟ್ಟಿಕ್ಕುವ ಆ ಕೈ, ಟವೆಲು, ಹೆಬ್ಬೆರಳು, ಅದರ ಪಕ್ಕದ ಬೆರಳು, ನಡುಬೆರಳು, ಸಂದಿ, ಅವಸರವಿಲ್ಲ, ಒಂದು ಬೆರಳು, ಇನ್ನೊಂದು ಬೆರಳು, ಸಂದಿ, ಟವೆಲು, ಒಂದು ಬೆರಳು